ಪಾಲಿನ ಎತ್ತು

೨೭ ಮೇ ೧೯೮೫, ಸೋಮವಾರ. ಆಳಂದ

೧. ಮಟಕಿ ಗ್ರಾಮದಲ್ಲಿ ಗಂಟಲುಬೇನೆಯ ಲಸಿಕೆ ಹಾಕುವ ಕೆಲಸ ಬೆಳಿಗ್ಗೆ ಎಂಟಕ್ಕೆ ಆರಂಭವಾಯಿತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲವಾದ್ದರಿಂದ ಊರಿನ ಎತ್ತುಗಳೆಲ್ಲ ಮನೆಯಲ್ಲಿಯೇ ಇದ್ದವು.

೨. ಸೂಜಿ ಹಾಕಿದವನು ನನ್ನ ಕಂಪೌಂಡರ್ ಮಲಂಗಸಾಬ. ನಾನು ಬೇವಿನ ಮರದ ಕೆಳಗೆ ಕುಳಿತು ಮಾಲೀಕರ ಹೆಸರು, ದನದ ಬಣ್ಣ, ವಯಸ್ಸು ಬರೆದುಕೊಳ್ಳುತ್ತಿದ್ದೆ. ಲಸಿಕೆಯ ಸೀಸೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದವು. ಅವಧಿ ಮೀರಿರಲಿಲ್ಲ.

೩. ಹತ್ತು ಗಂಟೆಯ ಹೊತ್ತಿಗೆ ಅರವತ್ತೊಂದು ದನಗಳಿಗೆ ಲಸಿಕೆ ಆಗಿತ್ತು. ಒಂದಕ್ಕೂ ತೊಂದರೆ ಕಾಣಲಿಲ್ಲ.

೪. ಅರವತ್ತೆರಡನೆಯದು ಚಂದ್ರಾಮ ಎಂಬ ರೈತನ ಎತ್ತು. ಬಿಳಿ, ಆರು ವರ್ಷ, ಹಣೆಯ ಮೇಲೆ ಜೋಡು ಸುಳಿ. ಹಿಂದೆ ಲಸಿಕೆಯಾಗಿದೆಯೇ ಎಂದು ಪಟ್ಟಿ ನೋಡಲಾಯಿತು. ಚಂದ್ರಾಮನ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಲಸಿಕೆ ಹಾಕಲಾಯಿತು.

೫. ಆರನೆಯ ನಿಮಿಷಕ್ಕೆ ಎತ್ತಿನ ಮೈ ನಡುಗಿತು. ಕಣ್ಣಿನ ರೆಪ್ಪೆಗಳು ಊದಿದವು. ಬಾಯಿ ತೆರೆದು, ನಾಲಿಗೆ ಹೊರಚಾಚಿ ಉಸಿರೆಳೆಯತೊಡಗಿತು. ಮೂಗಿನಿಂದ ನೊರೆ ಬಂತು. ಹತ್ತನೆಯ ನಿಮಿಷಕ್ಕೆ ಹಿಂಗಾಲು ಕುಸಿದು ಬಿದ್ದಿತು.

೬. ಔಷಧದ ಪೆಟ್ಟಿಗೆಯಲ್ಲಿದ್ದ ಐದು ಆಂಪೂಲು ಅಡ್ರಿನಲಿನ್ ಪೂರ್ತಿ ಕೊಟ್ಟೆ. ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಎತ್ತು ಸತ್ತಿತು.

೭. ಚಂದ್ರಾಮ ಅಳಲಿಲ್ಲ. ಎತ್ತಿನ ಕೊರಳ ಹಗ್ಗ ಬಿಚ್ಚಿ ತನ್ನ ಕೈಗೆ ಸುತ್ತಿಕೊಳ್ಳುತ್ತ, "ಯಾರ್ ಹಾಕಂದ್ರು ಇದಕ?" ಎಂದು ಕೇಳಿದ.

೮. ಮಲಂಗಸಾಬ ಸುಮಾರು ನಲವತ್ತು ಜನರ ಎದುರಿಗೆ ನನ್ನ ಕಡೆ ಕೈ ಮಾಡಿದ. "ಸಾಹೇಬ್ರು ಹಾಕಂದ್ರು. ಹಾಕೀನಿ" ಎಂದ.

೯. ಎತ್ತನ್ನು ಊರ ಹೊರಗೆ ಕೊಯ್ದು ಪರೀಕ್ಷಿಸಿದೆ. ಶ್ವಾಸನಾಳದ ತುಂಬ ನೊರೆಯಿತ್ತು. ಪುಪ್ಪುಸಗಳು ನೀರು ಕುಡಿದ ಅರಳೆಯಂತೆ ಭಾರವಾಗಿದ್ದವು. ಕೊರಳಿನ ಚರ್ಮ ಬಿಡಿಸಿದಾಗ, ಲಸಿಕೆ ಇರಬೇಕಾದಲ್ಲಿಯೇ, ಚರ್ಮದ ಕೆಳಗೆ, ಗುಳ್ಳೆಯಾಗಿ ನಿಂತಿತ್ತು. ಸೂಜಿ ರಕ್ತನಾಳಕ್ಕೆ ಹೋಗಿಲ್ಲ. ಕೈ ತಪ್ಪಿಲ್ಲ.

ಎಂಟನೆಯ ಅಂಶಕ್ಕೆ ವೈದ್ಯಕೀಯವಾಗಿ ಯಾವ ಮಹತ್ವವೂ ಇಲ್ಲ. ಆದರೂ ಬರೆದಿದ್ದೇನೆ.

೨೮ ಮೇ, ಮಂಗಳವಾರ

ಇದು ಅನಾಫಿಲ್ಯಾಕ್ಸಿಸ್ ಎಂಬುದರಲ್ಲಿ ಸಂಶಯವಿಲ್ಲ. ಹೊರಗಿನ ವಸ್ತುವೊಂದು ಮೊದಲ ಸಲ ಮೈಯೊಳಗೆ ಹೊಕ್ಕಾಗ ದೇಹ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಎರಡು ವಾರ ಕಳೆದು ಅದೇ ವಸ್ತು ಮತ್ತೆ ಬಂದರೆ, ಸಾವಿರಕ್ಕೊಂದು ಪ್ರಾಣಿಯಲ್ಲಿ, ಅದನ್ನು ತಡೆಯುವ ಭರದಲ್ಲಿ ದೇಹ ತನ್ನ ಉಸಿರನ್ನೇ ಕಟ್ಟಿಬಿಡುತ್ತದೆ. ಆದರೆ ಇದಕ್ಕೆ ಹಿಂದಿನ ಸಲವೊಂದು ಇರಬೇಕು. ಪಟ್ಟಿಯ ಪ್ರಕಾರ ಚಂದ್ರಾಮನ ಎತ್ತಿಗೆ ನಿನ್ನೆಯದೇ ಮೊದಲು. ಹಾಗಿದ್ದರೆ ಇದು ಹೇಗಾಯಿತು ಎಂಬುದು ನನಗೆ ಹೊಳೆಯುತ್ತಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕು. ಮನಸ್ಸು ಮಾತ್ರ ಮತ್ತೆ ಮತ್ತೆ ಆ ಕೈಸನ್ನೆಯ ಕಡೆಗೇ ಹೋಗುತ್ತದೆ.

ಮಲಂಗಸಾಬ ನನ್ನ ಕೈಕೆಳಗೆ ಬಂದದ್ದು ೧೯೭೬ರಲ್ಲಿ, ಜೇವರ್ಗಿಯಲ್ಲಿ. ಆ ವರ್ಷ ಭೀಮೆಯ ದಂಡೆಯ ಒಂದು ಊರಿನ ಮೂವತ್ತು ಮನೆಯವರು, ಸೂಜಿ ಹಾಕಿಸಿದರೆ ಹಾಲು ಬತ್ತುತ್ತದೆಂದು ಹೆದರಿ, ತಮ್ಮ ದನಗಳಿಗೆ ಹೋದ ವಾರವೇ ಆಗಿದೆ ಎಂದರು. ನಾನು ನಂಬಿದೆ. ಜುಲೈಯಲ್ಲಿ ಬೇನೆ ಬಂದು ಐವತ್ತೆಂಟು ದನ ಸತ್ತವು. ಮೂರು ದಿನ ನಾವಿಬ್ಬರೂ ನಿಂತು ಗುಂಡಿ ತೋಡಿಸಿ, ಸುಣ್ಣ ಸುರಿಸಿ ಮುಚ್ಚಿಸಿದೆವು. ಅಂದಿನಿಂದ ನನ್ನ ಹುಕುಮು ಒಂದೇ. ಬಾಯಿಮಾತು ನಂಬಬೇಡ. ಪಟ್ಟಿಯಲ್ಲಿದ್ದರೆ ಬಿಡು, ಇಲ್ಲದಿದ್ದರೆ ಹಾಕು. ಈ ಹುಕುಮಿನಿಂದ ಒಂಬತ್ತು ವರ್ಷ ಒಂದು ಊರೂ ಕೆಟ್ಟಿರಲಿಲ್ಲ.

ಅವನ ನೌಕರಿ ಕಾಯಂ ಆಗಲೆಂದು ನಾಲ್ಕು ಸಲ ಬರೆದವನು ನಾನು. ಆಳಂದಕ್ಕೆ ವರ್ಗವಾದಾಗ ಅವನನ್ನೂ ಕೇಳಿ ಪಡೆದೆ. ಪ್ರತಿ ರಂಜಾನಿಗೆ ಅವನ ಮನೆಯಿಂದ ನಮ್ಮ ಮನೆಗೆ ಹಾಲು ಶಾವಿಗೆಯ ಸುರ್ಕುಂಬಾ ಬರುತ್ತದೆ. ನನ್ನ ಹೆಂಡತಿ ಪ್ರಮಿಲಾ ಪಾತ್ರೆಯನ್ನು ಬರಿದಾಗಿ ಕಳಿಸದೆ ಬೇಸನ್ ಉಂಡಿ ತುಂಬಿ ಕಳಿಸುತ್ತಾಳೆ. ಇಂಥವನು ನಲವತ್ತು ಜನರ ಎದುರಿಗೆ ನನ್ನ ಕಡೆ ಕೈ ಮಾಡಿದ.

ಇಂದು ಪಶು ಚಿಕಿತ್ಸಾಲಯದಲ್ಲಿ ಅವನು ಎಂದಿನಂತೆ ಸೂಜಿಗಳನ್ನು ಕುದಿಸಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

೩೦ ಮೇ, ಗುರುವಾರ

ಇಂದಿನ ಊರಿನಲ್ಲಿ ನಮ್ಮ ಜೀಪಿನ ಧೂಳು ಕಂಡೊಡನೆ ದನಗಳನ್ನು ಹೊಲಕ್ಕೆ ಅಟ್ಟಿಬಿಟ್ಟರು. ಮಟಕಿಯ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಸೈದಪ್ಪ ಎಂಬ ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರು. ಲಸಿಕೆಯ ಪ್ರಯೋಜನವನ್ನು ನಾನು ಅವರಿಗೆ ಹದಿನೈದು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, ಎಲೆ ಅಡಿಕೆ ಉಗುಳಿ ಬಂದು, "ಭಾಳ ಚಂದ್ ಹೇಳಿದ್ರಿ. ಮದಲ ನೀವ್ ಒಂದ್ ಹಾಕಿಸ್ಕೋರಿ ಸಾಹೇಬ್ರ, ಸಂಜೀತನ ನೋಡ್ತೇವಿ" ಎಂದರು. ಜನ ನಕ್ಕರು.

ಆಮೇಲೆ ಕಂಪೌಂಡರ್ ಹೋಗಿ ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಏನು ಹೇಳಿದನೋ ಕೇಳಿಸಲಿಲ್ಲ. ಹನ್ನೊಂದು ದನಗಳು ಬಂದವು.

ಆ ಹನ್ನೊಂದಕ್ಕೂ ಸೂಜಿಯನ್ನು ನಾನೇ ಹಾಕಿದೆ. ಪಿಚಕಾರಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ನನ್ನದು ಐವತ್ತೆರಡು ವರ್ಷದ, ರೂಢಿ ತಪ್ಪಿದ ಕೈ; ಎರಡು ಕಡೆ ಸೂಜಿ ಬಾಗಿತು. ಅವನು ದನಗಳ ಮೂಗುದಾರ ಹಿಡಿದು ನಿಂತಿದ್ದ. ರಂಜಾನ್ ತಿಂಗಳು. ನೂರಹತ್ತು ಡಿಗ್ರಿ ಬಿಸಿಲಿನಲ್ಲಿಯೂ ಅವನು ಒಂದು ಗುಟುಕು ನೀರು ಕುಡಿಯುವುದಿಲ್ಲ. ಅವನೆದುರಿಗೆ ನಾನು ಎರಡು ಸಲ ನೀರು ಕುಡಿದೆ.

೩ ಜೂನ್, ಸೋಮವಾರ. ಕಾರಹುಣ್ಣಿಮೆ

ಕಾರಣ ಸಿಕ್ಕಿತು.

ಹಬ್ಬದ ದಿನವಾದ್ದರಿಂದ ಚಿಕಿತ್ಸಾಲಯದಲ್ಲಿ ಯಾರೂ ಇರಲಿಲ್ಲ. ಕಂಪೌಂಡರನಿಗೆ ರಜೆ ಕೊಟ್ಟಿದ್ದೆ. ರಸ್ತೆಯಲ್ಲಿ ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳು ಹೋಗುತ್ತಿದ್ದವು. ಹನ್ನೊಂದರ ಸುಮಾರಿಗೆ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಬಂದು, ಒಳಗೆ ಬಾರದೆ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಹೊಸ ಮೂಗುದಾರವಿತ್ತು. ಹೆಸರು ನಿಂಬೆವ್ವ, ಊರು ಕಡಗಂಚಿ, ಮಟಕಿಯ ಚಂದ್ರಾಮ ತನ್ನ ಅಣ್ಣ ಎಂದಳು.

"ಇವತ್ತ ನಮ್ಮ ಪಾಳಿ ಇತ್ರಿ" ಎಂದಳು.

ಯಾವ ಪಾಳಿ ಎಂದು ಕೇಳಿದೆ. ಅವಳು ಹೇಳಿದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ಅವಳ ತಂದೆ ಸಾಯುವ ಮೊದಲು, ಮನೆಯ ಆಕಳು ಹಾಕಿದ ಹೋರಿಗರುವನ್ನು ಮಗನಿಗೂ ಮಗಳಿಗೂ ಅರ್ಧರ್ಧ ಎಂದು ಹೇಳಿ ಹೋದರು. ಕರು ಎತ್ತಾಯಿತು. ಎತ್ತನ್ನು ಅರ್ಧ ಮಾಡಲಾಗದು. ಆದ್ದರಿಂದ ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಅದು ಕಡಗಂಚಿಯಲ್ಲಿ ತಂಗಿಯ ಮನೆಯಲ್ಲಿ, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಮಟಕಿಯಲ್ಲಿ ಅಣ್ಣನ ಮನೆಯಲ್ಲಿ. ಎರಡೂ ಮನೆಗಳಲ್ಲಿ ಅದರ ಜೊತೆಗೆ ಹೂಡಲು ಒಂದೊಂದು ಎತ್ತಿದೆ. ನಾಲ್ಕು ವರ್ಷದಿಂದ ಹೀಗೆ ನಡೆದಿತ್ತಂತೆ. ಪಾಲಿನ ಎತ್ತು ಎಂದರೆ ಎರಡೂ ಊರಿನವರಿಗೆ ಗೊತ್ತಂತೆ. ನನಗೆ ಗೊತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಮಾಲೀಕನ ಹೆಸರಿಗೆ ಒಂದೇ ಅಂಕಣ.

ಕಡಗಂಚಿಯ ಪಟ್ಟಿ ತೆಗೆದು ನೋಡಿದೆ. ಮೇ ೧೩, ಕ್ರಮಾಂಕ ಮೂವತ್ತೆಂಟು: ನಿಂಬೆವ್ವ, ಎತ್ತು, ಬಿಳಿ, ಆರು ವರ್ಷ. ಅಲ್ಲಿಂದ ಮೇ ೨೭ಕ್ಕೆ ಹದಿನಾಲ್ಕು ದಿನ.

ಹದಿನಾಲ್ಕು ಎಂಬ ಅಂಕಿ ಕಂಡಾಗ ನನಗೆ ಒಂದು ಕ್ಷಣ ಸಮಾಧಾನವೇ ಆಯಿತೆಂದು ಒಪ್ಪಿಕೊಳ್ಳಬೇಕು. ಎಲ್ಲವೂ ಕೂಡಿಬಂದಿತ್ತು. ಔಷಧ ಸರಿಯಿತ್ತು, ಕೈ ಸರಿಯಿತ್ತು, ದೇಹ ತನ್ನ ನಿಯಮದಂತೆ ನಡೆದುಕೊಂಡಿತ್ತು. ನಾನು ಅವಳಿಗೆ ಇದನ್ನು ಸರಳವಾಗಿ ತಿಳಿಸಲು ಪ್ರಯತ್ನಿಸಿದೆ. ಅವಳು ಮೂಗುದಾರವನ್ನು ಮಡಚುತ್ತ ಬಿಚ್ಚುತ್ತ ಕೇಳಿದಳು.

"ಅಮಾಸಿ ದಿನ ಎತ್ತು ಹೊಡಕೊಂಡ್ ಹೋದಾಗ ಸೂಜಿ ಆಗೇದ ಅಂತ ಅಣ್ಣಗ ಹೇಳಾಕ ಮರ್ತೆ, ಅದು ನನ್ನ ತಪ್ಪ. ಖರೆ ಮಲಂಗಸಾಬ ಅಣ್ಣಗ ಗುರ್ತ್ ಸಿಗ್ಲಿಲ್ಲೇನ್ರಿ? ನಮ್ಮೂರಾಗ ಹಾಕಿದಾಂವ ಅವನ. ಹಣಿ ಸವರಿ, ಜೋಡ್ ಸುಳಿ, ರಾಜನ್ ಹಾಂಗ ಅದ ಬಿಡಬೇ ಅಂದಿದ್ದ."

ಗೊತ್ತಿಲ್ಲ ಎಂದೆ.

ಮಿರ್ಗದ ಮಳೆಯ ದಿನ ಹತ್ತಿರ ಬಂತು, ಬಿತ್ತುವ ಹೊತ್ತಿಗೆ ಎರಡೂ ಮನೆಯಲ್ಲಿ ಒಂಟಿ ಎತ್ತಾಯಿತು ಎಂದು ಹೇಳಿ, ಅವಳು ಮೂಗುದಾರವನ್ನು ಸೊಂಟಕ್ಕೆ ಸಿಗಿಸಿಕೊಂಡು ಹೋದಳು.

೫ ಜೂನ್, ಬುಧವಾರ

ವಿಚಾರಣೆಗೆ ಗೋವಿಂದನೇ ಬಂದಿದ್ದ. ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಈಗ ಅವನು ಮೇಲಿನ ಕಚೇರಿಯಲ್ಲಿದ್ದಾನೆ. ನನ್ನ ವರದಿಗಳು ಅವನ ಮೇಜಿನ ಮೇಲಿಂದಲೇ ಹೋಗಬೇಕು. ಬೇರೆ ಯಾರೂ ಬರದೆ ಅವನು ಬಂದದ್ದು ನನ್ನ ಪುಣ್ಯವೆಂದು ಬೆಳಿಗ್ಗೆ ಅಂದುಕೊಂಡಿದ್ದೆ.

ಮನೆಗೆ ಕರೆತಂದೆ. ಪ್ರಮಿಲಾ ಮಾಡಿದ ಥಾಲಿಪಟ್ಟು ಎರಡು ತಿಂದು, ವಹಿನೀ ಕೈರುಚಿ ಹಂಗೇ ಅದ ಎಂದ. ಆಮೇಲೆ ವರದಿಗೆಂದು ನಾನು ನಕಲು ಮಾಡಿಟ್ಟಿದ್ದ ಅಂಶಗಳನ್ನು ಓದಿದ. ಕಡಗಂಚಿಯ ಸಂಗತಿಯನ್ನೂ ಕೇಳಿದ. ಹದಿನಾಲ್ಕು ದಿನದ ತರ್ಕವನ್ನು ಮೆಚ್ಚಿದ. ಮತ್ತೆ ಹಿಂದಕ್ಕೆ ಹೋಗಿ ನಾಲ್ಕನೆಯ ಅಂಶದ ಮೇಲೆ ಬೆರಳಿಟ್ಟ.

"ದತ್ತೂ, ಅರವತ್ತೊಂದು ದನಕ್ಕ ಪಟ್ಟಿ ನೋಡ್ಲಿಲ್ಲ. ಈ ಒಂದಕ್ಕ ಯಾಕ ನೋಡ್ದಿ?"

ನಾನು ಅವನ ಲೋಟಕ್ಕೆ ನೀರು ಬಗ್ಗಿಸಿದೆ.

"ಯಾರರೆ ಏನರೆ ಅಂದಿರಬೇಕಲ್ಲ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಟ್ಟೆ ಸರಿಸಿ, ಕರವಸ್ತ್ರದಿಂದ ಬೆರಳು ಒರೆಸಿಕೊಂಡ.

"ಹೋಗ್ಲಿ ಬಿಡು. ನಾಕನೇದು ತಗದ್ಬಿಡು. ನಾ ಕೇಳಿಲ್ಲ, ನೀ ಹೇಳಿಲ್ಲ."

ಅನಂತರ ಅವನು ಹೇಳಿದಂತೆ ನಾನು ಬರೆದೆ. ಹೇಳಿಕೆಯಲ್ಲಿ ಒಟ್ಟು ಏಳು ವಾಕ್ಯಗಳಿವೆ. ಆರು ನಿಜ. ಐದನೆಯದು ಹೀಗಿದೆ: "ಈ ಎತ್ತಿಗೆ ಹಿಂದೆ ಲಸಿಕೆಯಾಗಿರುವ ಸಂಭವವನ್ನು ಕಂಪೌಂಡರ್ ನನ್ನ ಗಮನಕ್ಕೆ ತರಲಿಲ್ಲ."

ಇದರಿಂದ ಅವನಿಗೆ ಏನಾಗುತ್ತದೆ ಎಂದು ಕೇಳಿದೆ. ಗೋವಿಂದ ನಕ್ಕ. "ಏನ್ ಆಗೂದಿಲ್ಲೋ. ಒಂದು ತಾಕೀತಿನ ಪತ್ರ ಬರತದ, ಮುಗೀತು. ನೀ ಮುಂದಿನ ವರ್ಷ ಬಡ್ತಿ ಹೊಂಟಾಂವ. ನಿನ್ನ ಫೈಲಿನ್ಯಾಗ ಈ ಎತ್ತಿನ ಹೆಣ ಯಾಕ ಇಟ್ಕೋತಿ?" ಎಂದ. ಉಪವಾಸದಿಂದ ಕಂಪೌಂಡರನಿಗೆ ತಲೆಸುತ್ತಿ ಎಚ್ಚರ ತಪ್ಪಿರಬೇಕು, ಅದನ್ನೂ ಒಂದು ವಾಕ್ಯ ಸೇರಿಸು ಎಂದೂ ಹೇಳಿದ. ಅದಕ್ಕೆ ನಾನು ಒಪ್ಪಲಿಲ್ಲ. ಖಂಡಿತವಾಗಿ ನಿರಾಕರಿಸಿದೆ.

ಐದು ಗಂಟೆಗೆ ಸಹಿ ಮಾಡಿದೆ. ಉಪವಾಸದ ಮಾತು ಸೇರಿಸದ ಮಟ್ಟಿಗೆ ನ್ಯಾಯವಾಗಿಯೇ ನಡೆದುಕೊಂಡಿದ್ದೇನೆ. ಮಲಂಗಸಾಬನಾದರೂ ನನ್ನ ಬಗ್ಗೆ ನಲವತ್ತು ಜನರ ಮುಂದೆ ಯೋಚಿಸಲಿಲ್ಲ.

೬ ಜೂನ್, ಗುರುವಾರ

ಸೆಕೆ. ವಿಶೇಷವಿಲ್ಲ.

೧೨ ಜೂನ್, ಬುಧವಾರ

ಬೆಳಗಿನ ಅಂಚೆಯಲ್ಲಿ ಆದೇಶ ಬಂತು. ಮಲಂಗಸಾಬನನ್ನು ಕೆಲಸದಿಂದ ಅಮಾನತು ಮಾಡಲಾಗಿದೆ. ಸೇವೆಯಿಂದ ವಜಾ ಮಾಡುವ ಉದ್ದೇಶದ ವಿಚಾರಣೆ ಬಾಕಿಯಿದೆ. ಆಧಾರ: ವೈದ್ಯಾಧಿಕಾರಿಗಳ ಲಿಖಿತ ಹೇಳಿಕೆ.

ತಾಕೀತಿನ ಪತ್ರವಲ್ಲ.

ಅವನ ಪ್ರತಿಯನ್ನು ನಾನೇ ಅವನ ಕೈಗೆ ಕೊಡಬೇಕಾಯಿತು. ಅವನಿಗೆ ಕನ್ನಡ ಓದುವುದು ನಿಧಾನ. ಬೆರಳಿಟ್ಟು ಓದುತ್ತ ಹೋದ. ಬೆರಳು ಕೊನೆಯ ಸಾಲಿನ ಹತ್ತಿರ ನಿಂತಿತು.

"ವೈದ್ಯಾಧಿಕಾರಿಗಳು ಅಂದ್ರ ನೀವಾ ಏನ್ರಿ, ಸಾಹೇಬ್ರ?"

ಹೌದು ಎಂದೆ.

ಅವನು ಹೂಂ ಎಂದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟ. ಪಿಚಕಾರಿ ಆರು, ಸೂಜಿ ಇಪ್ಪತ್ತೆರಡು, ಒಂದರ ತುದಿ ಮೊಂಡಾಗಿದೆ ಎಂದು ಒಂದೊಂದಾಗಿ ಎಣಿಸಿ ಒಪ್ಪಿಸಿದ. ಮಂಜುಗಡ್ಡೆಯ ಪೆಟ್ಟಿಗೆಯ ಮುಚ್ಚಳ ಸಡಿಲಾಗಿದೆ, ಮೇಲೆ ಒದ್ದೆ ಗೋಣಿ ಹಾಕದಿದ್ದರೆ ಲಸಿಕೆ ಕೆಡುತ್ತದೆ ಎಂದು ತಿಳಿಸಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಅಂಚೆ ಕಚೇರಿಗೆ ಹೋಗಿ ಗೋವಿಂದನಿಗೆ ಟ್ರಂಕ್ ಕಾಲ್ ಹಾಕಿಸಿದೆ. ಒಂದು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ನೀನು ನನಗೆ ಹೇಳಿದ್ದೇನು, ಮಾಡಿದ್ದೇನು ಎಂದು ಕೇಳಿದೆ.

"ಮ್ಯಾಲಿನವರ ಒತ್ತಡ ಬಂತೋ. ಊರೂರ ಸುದ್ದಿ ಆಗೇದ, ಯಾರರೆ ಒಬ್ರು ಬೇಕಾಗಿತ್ತು" ಎಂದ. ಅದು ನೀನು ಕೊಟ್ಟ ಮಾತಲ್ಲ ಎಂದೆ. ಅವನು ಬಹಳ ಮೆತ್ತಗೆ, "ಮಾತು ನಂದು ಇರಬಹುದು, ದತ್ತೂ. ಸಹಿ ನಿಂದದ" ಎಂದ.

ಮೂವತ್ತು ವರ್ಷದ ಸ್ನೇಹ. ನಾನು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ನನ್ನ ಮುಖದಲ್ಲಿ ಓದಿ, ಅದನ್ನೇ ಇಂದು ನನ್ನ ಬಾಯಿಗೆ ಬೀಗ ಮಾಡಿ ಹಾಕಿದ್ದಾನೆ. ಅವನು ಬರೆಸಿದ್ದಕ್ಕೆ ಸಾಕ್ಷಿಯಿಲ್ಲ. ನಾನು ಬರೆದದ್ದಕ್ಕೆ ನನ್ನ ಅಕ್ಷರವಿದೆ.

೧೩ ಜೂನ್, ಗುರುವಾರ

ಊಟಕ್ಕೆ ಕುಳಿತಾಗ ಪ್ರಮಿಲಾಗೆ ಎಲ್ಲವನ್ನೂ ಹೇಳಿದೆ. ಗೋವಿಂದನ ದ್ರೋಹವನ್ನು ಹೇಳಿದೆ. ಮಲಂಗಸಾಬ ಮಟಕಿಯಲ್ಲಿ ಹೇಗೆ ನಡೆದುಕೊಂಡನೆಂಬುದನ್ನೂ ಹೇಳಿದೆ. ಅವನಿಗಾಗಿ ಒಂಬತ್ತು ವರ್ಷದಲ್ಲಿ ಏನೇನು ಮಾಡಿದ್ದೆನೆಂಬುದನ್ನು ಕ್ರಮವಾಗಿ ಹೇಳಿದೆ. ಅವಳು ನಡುವೆ ಒಮ್ಮೆ, ಮಲಂಗಸಾಬ ಅಂದದ್ದು ಸುಳ್ಳೇ ಎಂದು ಕೇಳಿದಳು. ನಾನು ಮುಂದುವರಿಸಿದೆ. ಅವಳು ಮಜ್ಜಿಗೆಯ ಪಾತ್ರೆ ಕೆಳಗಿಟ್ಟಳು.

"ಅಂವ ಸುಳ್ಳ ಹೇಳ್ಯಾನೇನು ಅಂತ ನಾ ಒಂದ ಕೇಳೀನಿ. ನೀವು ನೌಕರಿ ಕೊಡ್ಸಿದ್ದು, ವರ್ಗ ಮಾಡ್ಸಿದ್ದು ಹೇಳ್ಲಿಕ್ಕತ್ತೀರಿ."

ನಾನು ಮಜ್ಜಿಗೆ ಅನ್ನ ಕಲಸಿಕೊಳ್ಳದೆ ಎದ್ದೆ.

ಮೇ ೨೭ರ ಪುಟವನ್ನು ಈಗ ಓದಿದೆ. ಮೂರನೆಯ ಅಂಶಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಅಂಶ ಬಿಟ್ಟಿದೆ. ಬೇರೆ ಯಾರೂ ಓದದ ಪುಸ್ತಕದಲ್ಲಿಯೂ ಅದನ್ನು ಬಿಟ್ಟಿದ್ದೇನೆ. ಬಿಟ್ಟದ್ದು ಇದು:

ಅರವತ್ತೆರಡನೆಯ ಎತ್ತು ಬಂದಾಗ ಮಲಂಗಸಾಬ ಅದರ ಹಣೆಯನ್ನು ಸವರಿದ. ಸೂಜಿ ಹಿಡಿದ ಕೈಯನ್ನು ಹಿಂದೆ ತೆಗೆದುಕೊಂಡ. ಬೇವಿನ ಮರದ ಕೆಳಗೆ ನನ್ನ ಬಳಿಗೆ ಬಂದು ಬಾಗಿದ. "ಸಾಹೇಬ್ರ, ಈ ಜೋಡ್ ಸುಳಿ ಎತ್ತಿಗ ಕಡಗಂಚ್ಯಾಗ ನಾನ ಹಾಕೀನ್ರಿ. ಇದನ್ನ ಬಿಡೂಣು" ಎಂದ. ನಾನು ಪಟ್ಟಿಗಳನ್ನು ತಿರುವಿ ಚಂದ್ರಾಮನ ಹೆಸರು ಹುಡುಕಿದೆ. ಇಲ್ಲವೆಂದೆ. "ಹೆಸರ್ ಇಲ್ದಿರಬಹುದ್ರಿ, ಮಾರಿ ಗುರ್ತ್ ಅದ" ಎಂದ. ನಾನು ತಲೆ ಎತ್ತಲಿಲ್ಲ. "ಮಾರಿ ಗುರ್ತಿನ ಮ್ಯಾಲೆ ಇಲಾಖೆ ನಡಿಯೂದಿಲ್ಲ. ಜೇವರ್ಗಿ ಮರ್ತಿಯೇನು? ಹಾಕು" ಎಂದೆ.

ಅವನು ಹಾಕಿದ.

೧೪ ಜೂನ್, ಶುಕ್ರವಾರ

ಸಂಜೆ ಆರೂವರೆಗೆ ದರ್ಗಾದ ಹಿಂದಿನ ಓಣಿಯಲ್ಲಿರುವ ಮಲಂಗಸಾಬರ ಮನೆಗೆ ಹೋದೆ. ಒಂಬತ್ತು ವರ್ಷದಲ್ಲಿ ಅವರ ಮನೆಗೆ ಹೋದದ್ದು ಇದೇ ಮೊದಲು. ಅಂಗಳದಲ್ಲಿ ಯಾರದೋ ಆಡನ್ನು ತೊಡೆಗಳ ನಡುವೆ ಹಿಡಿದು, ಅದರ ಗೊರಸಿನಲ್ಲಿ ಮುರಿದಿದ್ದ ಜಾಲಿಮುಳ್ಳನ್ನು ತೆಗೆಯುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು, ಆಡು ಬಿಡಲಿಲ್ಲ.

ಅವರ ಹೆಂಡತಿ ಚಾಂದಬೀ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡರು. "ಸಾಹೇಬ್ರು ಬಂದಾರ್ ನೋಡ್ರಿ. ಪಟ್ಟಿ ತಂದಾರೇನ್ ಕೇಳ್ರಿ. ಅದ್ರಾಗ ಹೆಸರಿಲ್ಲಂದ್ರ ನಾವು ಈ ಮನ್ಯಾಗ ಅದೇವೋ ಇಲ್ಲೋ" ಎಂದರು. ಮಲಂಗಸಾಬರು ಆಕೆಗೆ ಉರ್ದುವಿನಲ್ಲಿ ಸುಮ್ಮನಿರು ಎಂದರು. ಆಕೆ ಸುಮ್ಮನಾಗದೆ, ನನಗೆ ಕುರ್ಚಿ ತಂದಿಟ್ಟು, ಚಹಾವನ್ನೂ ಮಾಡಿ ತಂದರು. ಆ ಮನೆಯಲ್ಲಿ ಬೆಳಗಿನಿಂದ ಯಾರೂ ನೀರು ಮುಟ್ಟಿರಲಿಲ್ಲ. ಚಹಾ ನನ್ನ ಕೈಯಲ್ಲಿಯೇ ಉಳಿಯಿತು.

ಹೇಳಬೇಕೆಂದು ಹೋದದ್ದು ಬೇರೆ. ಬಾಯಿಂದ ಬಂದದ್ದು, ಹದಿನೆಂಟು ದಿನಗಳಿಂದ ಒಳಗಿದ್ದದ್ದೇ. ಅಂದು ನೀವು ಹೇಳಿದ್ದು ನಿಜ, ಆದರೆ ನಲವತ್ತು ಜನರ ಎದುರಿಗೆ ಏಕೆ ಹೇಳಿದಿರಿ, ನನಗೊಬ್ಬನಿಗೇ ಹೇಳಬಹುದಾಗಿತ್ತಲ್ಲ ಎಂದು ಕೇಳಿದೆ. ಕೇಳುವಾಗಲೂ ನನ್ನ ದನಿಯಲ್ಲಿ ದೂರಿತ್ತು.

ಅವರು ಮುಳ್ಳು ಕಿತ್ತರು. ಬೆಳಕಿಗೆ ಹಿಡಿದು ಪೂರ್ತಿ ಬಂದಿದೆಯೇ ಎಂದು ನೋಡಿದರು. ಆಡನ್ನು ಬಿಟ್ಟರು.

"ನಿಮಗ್ ಒಬ್ರಿಗೇ ಮದಲ ಹೇಳಿದ್ನೆಲ್ರಿ, ಸಾಹೇಬ್ರ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕುರ್ಚಿಯ ತೋಳನ್ನು ನೋಡುತ್ತ ಕುಳಿತೆ. ಅವರೇ ಮುಂದುವರಿಸಿದರು.

"ಚಂದ್ರಾಮ ಕೇಳ್ದ. ಎತ್ತು ಕಾಲಾಗ ಬಿದ್ದದ, ಹಗ್ಗ ಕೈಯಾಗ ಅದ, ಕೇಳಾಕತ್ತಾನ. ರೋಜಾ ಉಪಾಸ ಇಟ್ಟ ಬಾಯಿಲೆ ಅವಗ ಸುಳ್ಳ ಹ್ಯಾಂಗ್ ಹೇಳ್ಲಿರಿ? ನೀವರೆ ಹೌದಪ, ನಾನ ಹಾಕಂದೀನಿ ಅಂತೀರಿ ಅಂತ ಮಾಡಿದ್ದೆ. ಅಂದ್ರ ಅಲ್ಲಿಗೆ ಮುಗೀತಿತ್ತು. ನೀವು ಪಟ್ಟಿ ತಕ್ಕೊಂಡ್ ಜೀಪಿನ್ಯಾಗ ಕುಂತ್ರಿ."

ಇದೂ ನಿಜ. ಎಂಟನೆಯ ಮತ್ತು ಒಂಬತ್ತನೆಯ ಅಂಶಗಳ ನಡುವೆ ನಾನು ಇಪ್ಪತ್ತು ನಿಮಿಷ ಜೀಪಿನಲ್ಲಿ ಕುಳಿತಿದ್ದೆ. ಆ ಇಪ್ಪತ್ತು ನಿಮಿಷ ಅವರೊಬ್ಬರೇ ಆ ಜನರ ನಡುವೆ ನಿಂತಿದ್ದರು.

ವಜಾ ಆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಐವತ್ತಾರು ವರ್ಷಕ್ಕೆ ಇನ್ಯಾರು ಕೆಲಸ ಕೊಡುತ್ತಾರೆ, ಆಡು ಕುರಿಯ ಮುಳ್ಳು ಕೀಳುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲವಲ್ಲ ಎಂದರು. ಚಾಂದಬೀ ಒಳಗಿನಿಂದ, "ಕೇಳಿ ಬರ್ರಿ, ಅದಕ್ಕೂ ಒಂದ್ ಪಟ್ಟಿ ಇದ್ರೂ ಇರಬಹುದು" ಎಂದರು. ಆಗ ಮಲಂಗಸಾಬರು ನಕ್ಕರು. ನನಗೂ ನಗು ಬಂತು, ಬರಬಾರದಿತ್ತು.

ಉಪವಾಸ ಬಿಡುವ ಸೈರನ್ ಕೂಗಿತು. ಅವರು ಒಂದು ಖರ್ಜೂರವನ್ನು ಬಾಯಿಗಿಟ್ಟು, ಇನ್ನೊಂದನ್ನು ನನಗೆ ಕೊಟ್ಟರು. ತಿಂದೆ. ತಣ್ಣಗಾದ ಚಹಾವನ್ನೂ ಕುಡಿದೆ. ಯಾವ ಮಾತನ್ನೂ ಕೊಡದೆ ಮನೆಗೆ ಬಂದೆ. ಕೊಟ್ಟಿದ್ದರೆ ಅವರು ನಂಬಬೇಕಾದ ಕಾರಣವಿರಲಿಲ್ಲ.

೧೫ ಜೂನ್, ಶನಿವಾರ. ಬೆಳಿಗ್ಗೆ

ಮೋಸಹೋದೆನೆಂಬ ಭಾವ ಇನ್ನೂ ಹೋಗಿಲ್ಲ. ಗೋವಿಂದನ ವಿಷಯದಲ್ಲಿ ಅದು ಸರಿ. ಮಲಂಗಸಾಬರ ವಿಷಯದಲ್ಲಿ ತಪ್ಪೆಂದು ತಿಳಿದ ಮೇಲೂ ಅದು ಹೋಗುತ್ತಿಲ್ಲ. ಆ ಕೈ ಈಗಲೂ ನನ್ನ ಕಡೆಗೇ ಚಾಚಿಕೊಂಡಂತೆ ಕಾಣುತ್ತದೆ. ಅದು ತೋರಿಸಿದ ಜಾಗ ಸರಿಯಾಗಿತ್ತೆಂಬುದೇ ಬಹುಶಃ ಹೋಗದಿರಲು ಕಾರಣ.

ಹೊಸ ಹೇಳಿಕೆಯನ್ನು ಬೆಳಿಗ್ಗೆ ಬರೆದು ಮುಗಿಸಿದೆ. ಎರಡು ಪ್ರತಿ ಮಾಡಿದ್ದೇನೆ. ಮರಣೋತ್ತರ ಪರೀಕ್ಷೆಯ ವಿವರ, ಕಡಗಂಚಿಯ ಪಟ್ಟಿಯ ನಕಲು, ಹದಿನಾಲ್ಕು ದಿನಗಳ ಅಂತರ, ಪಾಲಿನ ಎತ್ತಿನ ಪದ್ಧತಿ, ಇವೆಲ್ಲವೂ ಅದರಲ್ಲಿವೆ. ಇನ್ನು ಮುಂದೆ ಪಟ್ಟಿಯಲ್ಲಿ ಮಾಲೀಕನ ಹೆಸರಿನ ಜೊತೆಗೆ ದನದ ಸುಳಿ, ಕೊಂಬು, ಮಚ್ಚೆಯ ಗುರುತನ್ನು ಬರೆಯಬೇಕೆಂದೂ, ಲಸಿಕೆಯಾಗಿದೆ ಎಂದು ಕಂಪೌಂಡರ್ ಹೇಳಿದ ದನವನ್ನು ಆ ದಿನ ಬಿಡಬೇಕೆಂದೂ ಸೂಚಿಸಿದ್ದೇನೆ. ಜೇವರ್ಗಿಯ ಸಂಗತಿಯನ್ನು ಬರೆದು, ಆಮೇಲೆ ಹೊಡೆದುಹಾಕಿದೆ. ಅದು ಕಾರಣವಾಗಬಹುದು, ಸಮರ್ಥನೆಯಾಗಲಾರದು.

ಗೋವಿಂದನ ಹೆಸರನ್ನು ಬರೆದಿಲ್ಲ. ಅವನು ಹೇಳಿಕೊಟ್ಟ, ಆದರೆ ಬರೆದವನು ನಾನು.

ಪ್ರಮಿಲಾ ಓದಿ, ಬಡ್ತಿ ಹೋಗುತ್ತದೆ ಎಂದಳು. ಹೌದೆಂದೆ. ಅಫಜಲಪುರಕ್ಕೋ ಇನ್ನೂ ದೂರಕ್ಕೋ ಹಾಕಬಹುದು ಎಂದಳು. ಹಾಕಬಹುದು ಎಂದೆ. ಅವಳು ಬುತ್ತಿ ಕಟ್ಟಲು ಒಳಗೆ ಹೋದಳು.

ಹೇಳಿಕೆಯ ಮುಖ್ಯ ಭಾಗ ಹೀಗಿದೆ: ಜೂನ್ ೫ರಂದು ನಾನು ಸಹಿ ಮಾಡಿದ ಹೇಳಿಕೆಯ ಐದನೆಯ ವಾಕ್ಯ ಸುಳ್ಳು. ಕಂಪೌಂಡರ್ ಮಲಂಗಸಾಬರು ಸೂಜಿ ಹಾಕುವ ಮೊದಲು ಎರಡು ಸಲ ನನ್ನನ್ನು ಎಚ್ಚರಿಸಿದರು. ಹಾಕಲು ಹುಕುಮು ಕೊಟ್ಟವನು ನಾನು.

ಒಂಬತ್ತೂವರೆಯ ಬಸ್ಸಿನಲ್ಲಿ ಮೇಲಿನ ಕಚೇರಿಗೆ ಹೋಗಿ, ಇದನ್ನು ಗೋವಿಂದನ ಮೇಜಿನ ಮೇಲಿಂದ ಕಳಿಸದೆ, ಅವನ ಮೇಲಧಿಕಾರಿಗಳ ಕೈಗೆ ನಾನೇ ಕೊಟ್ಟು ಬರಲು ನಿರ್ಧರಿಸಿದ್ದೇನೆ. ಎರಡನೆಯ ಪ್ರತಿಯನ್ನು ಬಸ್ಸು ಹತ್ತುವ ಮೊದಲು ಮಲಂಗಸಾಬರಿಗೆ ಕೊಡುತ್ತೇನೆ.